ಕಣಜದ ಇಲಿ

ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಮೇಜು ಇದ್ದದ್ದು ಒಂದು ಧಾನ್ಯದ ಗೋದಾಮಿನ ಮೂಲೆಯಲ್ಲಿ. ಎತ್ತರದ ಛಾವಣಿ, ಚಿಕ್ಕ ಕಿಟಕಿಗಳು, ಮರದ ಹಲಗೆಗಳ ಮೇಲೆ ಆಳೆತ್ತರವನ್ನೂ ಮೀರಿ ಒಟ್ಟಿದ ಅಕ್ಕಿ ಮೂಟೆಗಳ ಸಾಲು. ಮಧ್ಯಾಹ್ನ ಹಮಾಲರು ಊಟಕ್ಕೆ ಹೋದ ಮೇಲೆ ಇಲಿಗಳು ಹೊರಗೆ ಬರುತ್ತಿದ್ದವು. ಮನೆಯ ಇಲಿಗಳ ಹಾಗೆ ಅವು ಗೋಡೆಯಂಚು ಹಿಡಿದು ಓಡುತ್ತಿರಲಿಲ್ಲ. ಮೂಟೆಯಿಂದ ಮೂಟೆಗೆ ನಿಧಾನವಾಗಿ ನಡೆಯುತ್ತಿದ್ದವು. ನಾನು ದಾಸ್ತಾನು ವಹಿಯನ್ನು ಮೇಜಿನ ಮೇಲೆ ಬಡಿದರೆ ಒಂದು ಕ್ಷಣ ನಿಂತು, ನನ್ನನ್ನು ನೋಡಿ, ಮತ್ತೆ ತಮ್ಮ ಪಾಡಿಗೆ ತಿನ್ನುತ್ತಿದ್ದವು. ಗೋದಾಮಿನ ಉಸ್ತುವಾರಿ ಹೊತ್ತಿದ್ದ ಹಿರಿಯರು, ‘ಇವಕ್ಕೆ ಯಾರ ಭಯ ಹೇಳಪ್ಪಾ, ಕಣಜದಲ್ಲೇ ಹುಟ್ಟಿದವು’ ಎನ್ನುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ನಾವೆಲ್ಲರೂ ಅವರನ್ನು ರಾಯರು ಎನ್ನುತ್ತಿದ್ದೆವು, ಹಾಗೆಯೇ ಬರೆಯುತ್ತೇನೆ.

ಇದೇ ಇಲಿಗಳನ್ನು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಇನ್ನೊಬ್ಬ ಗುಮಾಸ್ತ ನೋಡಿದ್ದ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅವನ ಹೆಸರು ಲಿ ಸಿ. ಚೀನಾದ ಚು ರಾಜ್ಯದ ಶಾಂಗ್‌ಛಾಯ್ ಎಂಬ ಊರಿನವನು, ಅಲ್ಲಿನ ಕಚೇರಿಯಲ್ಲಿ ಸಣ್ಣ ನೌಕರ. ಕಚೇರಿಯ ಕಕ್ಕಸಿನಲ್ಲಿ ಇಲಿಗಳು ಹೊಲಸು ತಿನ್ನುವುದನ್ನೂ, ಮನುಷ್ಯರೋ ನಾಯಿಯೋ ಹತ್ತಿರ ಬಂದರೆ ಬೆದರಿ ಓಡುವುದನ್ನೂ ಅವನು ನೋಡಿದ. ಕಣಜಕ್ಕೆ ಹೋದರೆ ಅಲ್ಲಿಯ ಇಲಿಗಳು ದೊಡ್ಡ ಸೂರಿನಡಿ ರಾಶಿ ಹಾಕಿದ ಕಾಳು ತಿನ್ನುತ್ತಿದ್ದವು, ಯಾರ ಭಯವೂ ಅವಕ್ಕಿರಲಿಲ್ಲ. ಲಿ ಸಿ ನಿಟ್ಟುಸಿರಿಟ್ಟು, ಮನುಷ್ಯ ಯೋಗ್ಯನೋ ಅಯೋಗ್ಯನೋ ಎಂಬುದೂ ಈ ಇಲಿಗಳ ಹಾಗೆಯೇ, ಎಲ್ಲಿ ಇರುತ್ತಾನೆ ಎಂಬುದರ ಮೇಲೆ ಹೋಗುತ್ತದೆ ಎಂದುಕೊಂಡ. ಕೆಲಸ ಬಿಟ್ಟು ಹೊರಟ. ಮುಂದೆ ಚೀನಾದ ಮೊತ್ತಮೊದಲ ಚಕ್ರವರ್ತಿಯ ಪ್ರಧಾನಿಯಾದ. ಕ್ರಿ.ಪೂ. 208ರಲ್ಲಿ ರಾಜಧಾನಿಯ ಸಂತೆಬೀದಿಯಲ್ಲಿ ಅವನನ್ನು ಸೊಂಟದಲ್ಲಿ ಎರಡಾಗಿ ಕತ್ತರಿಸಿ ಕೊಂದರು.

ಇದನ್ನೆಲ್ಲ ಬರೆದಿಟ್ಟವನು ಸಿಮಾ ಚಿಯಾನ್, ಲಿ ಸಿ ಸತ್ತು ಸುಮಾರು ಒಂದು ಶತಮಾನದ ಬಳಿಕ ‘ಶಿ ಜಿ’ ಎಂಬ ಮಹಾ ಇತಿಹಾಸವನ್ನು ರಚಿಸಿದ ಆಸ್ಥಾನದ ಇತಿಹಾಸಕಾರ. ಲಿ ಸಿಯ ಅಧ್ಯಾಯವನ್ನು ಇಲಿಗಳ ಆಸೆಯಿಂದ ಓದಲು ಕೂತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೊನೆಯಲ್ಲಿರುವ ಸೆರೆಮನೆಯ ನಾಲ್ಕು ಸಾಲು. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಬರಹದ ಉಳಿದ ಭಾಗವೆಲ್ಲ ಆ ನಾಲ್ಕು ಸಾಲಿನ ಕಡೆಗೆ ಹೋಗುವ ದಾರಿ.

ಹೊರಗಿನಿಂದ ಬಂದವನು

ನಮ್ಮಲ್ಲಿ ‘ಸ್ಥಾನಂ ಪ್ರಧಾನಂ ನ ಬಲಂ ಪ್ರಧಾನಂ’ ಎನ್ನುತ್ತಾರಲ್ಲ, ಲಿ ಸಿ ಆ ಮಾತನ್ನು ಬದುಕಿನ ಸೂತ್ರ ಮಾಡಿಕೊಂಡ. ಮೊದಲು ಹೋದದ್ದು ಶುನ್‌ಜಿ ಎಂಬ ಗುರುವಿನ ಬಳಿಗೆ. ಅಲ್ಲಿ ರಾಜ್ಯಶಾಸ್ತ್ರ ಕಲಿತ. ಕಲಿತು ಮುಗಿದಾಗ ತನ್ನ ಚು ರಾಜ್ಯದ ಅರಸನಿಂದ ಆಗುವುದೇನೂ ಇಲ್ಲ, ಉಳಿದ ರಾಜ್ಯಗಳೂ ಸೊರಗಿವೆ ಎಂದು ಲೆಕ್ಕ ಹಾಕಿ ಪಶ್ಚಿಮದ ಚಿನ್ ರಾಜ್ಯದ ದಾರಿ ಹಿಡಿದ. ಹೊರಡುವಾಗ ಗುರುವಿಗೆ ಹೇಳಿದ ಮಾತು ಉಳಿದಿದೆ. ಕೀಳು ಸ್ಥಾನಕ್ಕಿಂತ ದೊಡ್ಡ ಅವಮಾನವಿಲ್ಲ, ಬಡತನಕ್ಕಿಂತ ದೊಡ್ಡ ದುಃಖವಿಲ್ಲ. ಇದನ್ನು ಓದಿ ಅವನನ್ನು ದುರಾಸೆಯವನು ಎಂದುಬಿಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಸಣ್ಣ ಊರಿನ ಸಣ್ಣ ಕಚೇರಿಯಲ್ಲಿ ಕೂತು ಬೇರೆಯವರ ಲೆಕ್ಕ ಬರೆದವನಿಗೆ ಮಾತ್ರ ಆ ಮಾತಿನ ಬಿಸಿ ಗೊತ್ತಾಗುತ್ತದೆ.

ಚಿನ್ ರಾಜ್ಯಕ್ಕೆ ಅವನು ಬಂದದ್ದು ಕ್ರಿ.ಪೂ. 247ರ ಹೊತ್ತಿಗೆ. ಆಗಿನ ಪ್ರಧಾನಿ ಲೂ ಬುವೇಯ ಆಶ್ರಯ ಸಿಕ್ಕಿತು, ಅಲ್ಲಿಂದ ಎಳೆಯ ಅರಸನ ಕಿವಿಗೆ ದಾರಿಯಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಎಲ್ಲವೂ ಮುಳುಗುವ ಹಾಗಾಯಿತು. ಹಾನ್ ರಾಜ್ಯದಿಂದ ಬಂದ ಝೆಂಗ್ ಗುವೋ ಎಂಬ ಎಂಜಿನಿಯರನೊಬ್ಬ ಚಿನ್ ನಾಡಿಗೆ ದೊಡ್ಡ ಕಾಲುವೆ ತೋಡಿಸುತ್ತಿದ್ದ. ಚಿನ್ ರಾಜ್ಯದ ದುಡ್ಡು, ಆಳುಗಳನ್ನೆಲ್ಲ ಕಾಲುವೆಗೆ ಸುರಿಸಿ ಯುದ್ಧದಿಂದ ತಡೆಯುವುದು ಅವನನ್ನು ಕಳಿಸಿದವರ ಉದ್ದೇಶ ಎಂಬುದು ಬಯಲಾಯಿತು. ಹೊರನಾಡಿನ ಅಧಿಕಾರಿಗಳೆಲ್ಲ ಜಾಗ ಖಾಲಿ ಮಾಡಬೇಕೆಂದು ಕ್ರಿ.ಪೂ. 237ರಲ್ಲಿ ಆಜ್ಞೆ ಹೊರಟಿತು. ಪಟ್ಟಿಯಲ್ಲಿ ಲಿ ಸಿಯ ಹೆಸರೂ ಇತ್ತು. ಅವನು ಅರಸನಿಗೆ ಬರೆದ ಅರಿಕೆ ಇಂದಿಗೂ ಚೀನೀ ಗದ್ಯದ ಮಾದರಿಗಳಲ್ಲಿ ಒಂದು. ತಾಯ್‌ಶಾನ್ ಬೆಟ್ಟ ಯಾವ ಮಣ್ಣನ್ನೂ ಬೇಡವೆನ್ನದೆ ಅಷ್ಟು ದೊಡ್ಡದಾಯಿತು, ನದಿ ಸಮುದ್ರಗಳು ಸಣ್ಣ ತೊರೆಗಳನ್ನು ಆರಿಸದೆ ಅಷ್ಟು ಆಳವಾದವು ಎಂದು ಬರೆದ. ನಿಮ್ಮ ಅರಮನೆಯ ಮುತ್ತು, ಕುದುರೆ, ಸಂಗೀತ ಎಲ್ಲವೂ ಹೊರಗಿನವು, ಮನುಷ್ಯರು ಮಾತ್ರ ಯಾಕೆ ಬೇಡ ಎಂದು ಕೇಳಿದ. ಅರಸ ಆಜ್ಞೆಯನ್ನು ಹಿಂದಕ್ಕೆ ಪಡೆದ. ಬರೆದ ಹಾಳೆಯೊಂದು ಬದುಕನ್ನು ಉಳಿಸಬಲ್ಲದು ಎಂಬ ನಂಬಿಕೆ ಲಿ ಸಿಯಲ್ಲಿ ಬೇರುಬಿಟ್ಟದ್ದು ಆ ದಿನವೇ ಇರಬೇಕು. ಇಪ್ಪತ್ತೊಂಬತ್ತು ವರ್ಷಗಳ ನಂತರ ಅವನು ಇನ್ನೊಂದು ಅರಿಕೆ ಬರೆಯುತ್ತಾನೆ.

ನಡುವೆ ಹಾನ್ ಫೇಯ ಸಾವು. ಶುನ್‌ಜಿಯ ಬಳಿ ಲಿ ಸಿಯ ಜೊತೆಗೆ ಕಲಿತವನು, ಮಾತಿನಲ್ಲಿ ಉಗ್ಗು, ಬರವಣಿಗೆಯಲ್ಲಿ ಎಲ್ಲರನ್ನೂ ಮೀರಿದವನು. ತನಗಿಂತ ಅವನೇ ಮೇಲು ಎಂದು ಲಿ ಸಿಗೆ ಗೊತ್ತಿತ್ತು. ಹಾನ್ ರಾಜ್ಯದ ದೂತನಾಗಿ ಬಂದ ಆ ಸಹಪಾಠಿಯ ಮೇಲೆ ಚಾಡಿ ಹೇಳಿ ಸೆರೆಗೆ ಹಾಕಿಸಿದರು. ಕ್ರಿ.ಪೂ. 233ರಲ್ಲಿ ಲಿ ಸಿ ಅವನಿಗೆ ಸೆರೆಯೊಳಕ್ಕೇ ವಿಷ ಕಳಿಸಿದ. ಅರಸನಿಗೆ ನೇರವಾಗಿ ಹೇಳಿಕೊಳ್ಳಬೇಕು ಎಂದು ಹಾನ್ ಫೇ ಬೇಡಿದ, ಭೇಟಿ ಸಿಗಲಿಲ್ಲ. ಅರಸ ಮನಸ್ಸು ಬದಲಿಸಿ ಬಿಡುಗಡೆಗೆ ಆಳು ಕಳಿಸುವಷ್ಟರಲ್ಲಿ ಅವನು ಸತ್ತಿದ್ದ. ಲಿ ಸಿಯ ಬಗ್ಗೆ ನನಗಿರುವ ಮರುಕವೆಲ್ಲ ಈ ಒಂದು ಸಾಲಿನ ಎದುರು ಬಂದಾಗ ಮುದುಡಿಕೊಳ್ಳುತ್ತದೆ. ಸೆರೆಯಾಳಿನ ಮಾತು ಅರಸನವರೆಗೆ ಹೋಗದಂತೆ ತಡೆಯುವುದು ಹೇಗೆಂಬುದು ಅವನಿಗೆ ಮೊದಲೇ ಗೊತ್ತಿತ್ತು.

ಕ್ರಿ.ಪೂ. 221ರಲ್ಲಿ ಆರೂ ರಾಜ್ಯಗಳು ಬಿದ್ದು ಚಿನ್ ಅರಸ ಮೊದಲ ಚಕ್ರವರ್ತಿಯಾದ. ಗೆದ್ದ ನಾಡುಗಳನ್ನು ರಾಜಕುಮಾರರಿಗೆ ಹಂಚೋಣ ಎಂದು ಮಂತ್ರಿಗಳು ಹೇಳಿದಾಗ ಲಿ ಸಿ ಒಬ್ಬನೇ ಬೇಡವೆಂದ. ಅಣ್ಣತಮ್ಮಂದಿರ ಮಕ್ಕಳು ತಲೆಮಾರುಗಳು ಕಳೆದಂತೆ ಶತ್ರುಗಳಾಗುತ್ತಾರೆ ಎಂಬುದು ಅವನ ವಾದ. ದೇಶವನ್ನು 36 ಆಡಳಿತ ವಿಭಾಗಗಳಾಗಿ ಒಡೆದು ಸಂಬಳದ ಅಧಿಕಾರಿಗಳನ್ನು ಕೂರಿಸಿದರು. ತೂಕ, ಅಳತೆ, ಬಂಡಿಯ ಅಚ್ಚಿನ ಅಗಲ ಎಲ್ಲ ಒಂದೇ ಆಯಿತು. ಲಿಪಿಯೂ ಒಂದಾಯಿತು. ಊರಿಗೊಂದು ರೀತಿ ಬರೆಯುತ್ತಿದ್ದ ಅಕ್ಷರಗಳನ್ನು ಒಂದು ಅಚ್ಚಿಗೆ ತರಲು ಮೂರು ಪಾಠಪುಸ್ತಕಗಳನ್ನು ಬರೆಸಿದರು. ಒಂದನ್ನು ಲಿ ಸಿಯೇ ಬರೆದ. ಇನ್ನೊಂದನ್ನು ಬರೆದವನು ಝಾವ್ ಗಾವ್ ಎಂಬ ಅರಮನೆಯ ಅಧಿಕಾರಿ, ಮುಂದೆ ಲಿ ಸಿಯನ್ನು ಕೊಲ್ಲಿಸುವವನು. ಮಕ್ಕಳಿಗೆ ಅಕ್ಷರ ಕಲಿಸುವ ಪುಸ್ತಕ ಬರೆಯಲು ಒಂದೇ ಕೆಲಸಕ್ಕೆ ಕೂತ ಇಬ್ಬರು.

ಪುಸ್ತಕ ಸುಡಿಸಿದವನೂ ಇದೇ ಲಿ ಸಿ. ಕ್ರಿ.ಪೂ. 213ರ ಅರಮನೆಯ ಔತಣದಲ್ಲಿ ಒಬ್ಬ ವಿದ್ವಾಂಸ ಹಳೆಯ ಕಾಲವನ್ನು ಹೊಗಳಿದ್ದೇ ನೆಪ. ವೈದ್ಯ, ಶಕುನ, ಬೇಸಾಯದ ಪುಸ್ತಕಗಳನ್ನು ಬಿಟ್ಟು ಜನರ ಮನೆಯಲ್ಲಿರುವ ಕಾವ್ಯ, ಇತಿಹಾಸ, ಇತರ ಪಂಥಗಳ ಗ್ರಂಥಗಳನ್ನೆಲ್ಲ ತಂದೊಪ್ಪಿಸಿ ಸುಡಬೇಕು, 30 ದಿನದಲ್ಲಿ ಸುಡದವನ ಮುಖಕ್ಕೆ ಹಚ್ಚೆ ಒತ್ತಿ ಗೋಡೆ ಕಟ್ಟುವ ಕೆಲಸಕ್ಕೆ ಅಟ್ಟಬೇಕು ಎಂದು ಪ್ರಧಾನಿ ಸೂಚಿಸಿದ. ಚಕ್ರವರ್ತಿ ಒಪ್ಪಿದ. ಗುರುವಿನ ಮನೆಯಲ್ಲಿ ಕೂತು ತಾನು ಓದಿದ್ದನ್ನೇ ಊರೂರಲ್ಲಿ ಸುಡಿಸಿದ.

ಆ ವರ್ಷಗಳೇ ಅವನ ಏಳಿಗೆಯ ತುದಿ. ಗಂಡುಮಕ್ಕಳಿಗೆ ಚಿನ್ ರಾಜಕುಮಾರಿಯರು, ಹೆಣ್ಣುಮಕ್ಕಳಿಗೆ ರಾಜಕುಮಾರರು. ಹಿರಿಯ ಮಗ ಲಿ ಯೂ ಸಾನ್‌ಚುವಾನ್ ವಿಭಾಗದ ಅಧಿಪತಿ. ಅವನು ರಜೆಯಲ್ಲಿ ಮನೆಗೆ ಬಂದಾಗ ಲಿ ಸಿ ಔತಣ ಇಟ್ಟ. ಆಸ್ಥಾನದ ಸಮಸ್ತರೂ ಬಂದು ಹಾರೈಸಿದರು, ಬಾಗಿಲಲ್ಲಿ ಸಾವಿರಗಟ್ಟಲೆ ಬಂಡಿ. ಆ ಗದ್ದಲದ ನಡುವೆ ಅವನಿಗೆ ಗುರುವಿನ ಮಾತು ನೆನಪಾಯಿತಂತೆ. ಯಾವುದೂ ಅತಿಯಾಗಿ ತುಂಬಬಾರದು ಎಂದಿದ್ದ ಶುನ್‌ಜಿ. ‘ನಾನು ಶಾಂಗ್‌ಛಾಯ್‌ನ ಗಲ್ಲಿಯವನು. ನನ್ನ ಬಂಡಿಯ ನೊಗ ಎಲ್ಲಿ ಇಳಿಯುತ್ತದೋ ತಿಳಿಯದು’ ಎಂದು ನಿಟ್ಟುಸಿರಿಟ್ಟ. ಅವನ ಬದುಕಿನಲ್ಲಿ ಸಿಮಾ ಚಿಯಾನ್ ದಾಖಲಿಸುವ ಎರಡನೆಯ ನಿಟ್ಟುಸಿರು ಇದು. ಮೊದಲನೆಯದು ಇಲಿಗಳನ್ನು ನೋಡಿದಾಗ.

ಮೀನಿನ ನಾತ

ಕ್ರಿ.ಪೂ. 210ರ ಬೇಸಿಗೆಯಲ್ಲಿ ಚಕ್ರವರ್ತಿ ಪೂರ್ವದ ನಾಡುಗಳ ಪ್ರವಾಸದಲ್ಲಿ ಕಾಯಿಲೆ ಬಿದ್ದ. ಶಾಚಿಯು ಎಂಬ ಜಾಗದಲ್ಲಿ ಸತ್ತ. ಸಾಯುವ ಮೊದಲು ಹಿರಿಯ ಮಗ ಫುಸುವಿಗೆ ಓಲೆ ಬರೆಸಿದ್ದ, ರಾಜಧಾನಿಗೆ ಬಂದು ನನ್ನ ಅಂತ್ಯಕ್ರಿಯೆ ನಡೆಸು ಎಂದು. ಓಲೆಗೆ ಮುದ್ರೆ ಬಿದ್ದಿತ್ತು, ಹರಕಾರನ ಕೈಗೆ ಹೋಗಿರಲಿಲ್ಲ. ಅದು ಝಾವ್ ಗಾವ್‌ನ ಬಳಿ ಇತ್ತು.

ರಾಜಧಾನಿ ದೂರ, ಸುದ್ದಿ ಹೊರಬಿದ್ದರೆ ದೇಶ ಒಡೆದೀತು ಎಂದು ಲಿ ಸಿಯೇ ಸಾವನ್ನು ಮುಚ್ಚಿಟ್ಟ. ಹೆಣವನ್ನು ಮುಚ್ಚುಬಂಡಿಯಲ್ಲಿ ಮಲಗಿಸಿದರು. ಹೊತ್ತು ಹೊತ್ತಿಗೆ ಊಟದ ತಟ್ಟೆ ಒಳಗೆ ಹೋಗುತ್ತಿತ್ತು. ಅಧಿಕಾರಿಗಳು ಎಂದಿನಂತೆ ಬಂಡಿಯ ಹೊರಗೆ ನಿಂತು ವರದಿ ಒಪ್ಪಿಸುತ್ತಿದ್ದರು, ಒಳಗಿಂದ ಒಬ್ಬ ನಪುಂಸಕ ಸೇವಕ ‘ಆಗಲಿ’ ಎನ್ನುತ್ತಿದ್ದ. ವಿಷಯ ಗೊತ್ತಿದ್ದದ್ದು ಕಿರಿಯ ರಾಜಕುಮಾರ ಹುಹಾಯ್, ಝಾವ್ ಗಾವ್, ಲಿ ಸಿ ಮತ್ತು ಐದಾರು ಸೇವಕರಿಗೆ ಮಾತ್ರ.

ಝಾವ್ ಗಾವ್ ಬಂದು ಲಿ ಸಿಯ ಜೊತೆ ನಡೆಸುವ ಮಾತುಕತೆ ನಾನು ಓದಿದ ಅತಿ ಭಯಂಕರ ಸಂಭಾಷಣೆ. ಅದರಲ್ಲಿ ಕತ್ತಿ ಇಲ್ಲ, ಬೆದರಿಕೆಯ ದನಿಯೂ ಇಲ್ಲ. ಮುಂದಿನ ಚಕ್ರವರ್ತಿ ಯಾರಾಗಬೇಕು ಎಂಬುದು ನಮ್ಮಿಬ್ಬರ ಬಾಯಲ್ಲಿದೆ ಎನ್ನುತ್ತಾನೆ. ದೇಶಕ್ಕೆ ಕೇಡಾಗುವ ಮಾತು, ಇದು ನಾವು ಆಡತಕ್ಕದ್ದಲ್ಲ ಎನ್ನುತ್ತಾನೆ ಲಿ ಸಿ. ಆಗ ಝಾವ್ ಗಾವ್ ಐದು ಪ್ರಶ್ನೆ ಕೇಳುತ್ತಾನೆ. ಗಡಿಯಲ್ಲಿ ಫುಸುವಿನ ಜೊತೆಗಿರುವ ಸೇನಾಪತಿ ಮೆಂಗ್ ತಿಯಾನ್‌ಗೆ ನಿಮ್ಮನ್ನು ಹೋಲಿಸಿ ನೋಡಿ. ಸಾಮರ್ಥ್ಯದಲ್ಲಿ ಯಾರು ಮೇಲು? ಸಾಧನೆಯಲ್ಲಿ? ದೂರದೃಷ್ಟಿಯಲ್ಲಿ? ಜನರ ದ್ವೇಷ ಕಟ್ಟಿಕೊಳ್ಳದಿರುವುದರಲ್ಲಿ? ಫುಸುವಿನ ವಿಶ್ವಾಸದಲ್ಲಿ? ‘ಐದರಲ್ಲಿಯೂ ನಾನು ಅವನಿಗೆ ಸಾಟಿಯಲ್ಲ’ ಎನ್ನುತ್ತಾನೆ ಲಿ ಸಿ. ಹಾಗಾದರೆ ಫುಸು ಪಟ್ಟಕ್ಕೆ ಬಂದ ದಿನ ಮೆಂಗ್ ತಿಯಾನ್ ಪ್ರಧಾನಿ, ನೀವು ಪದವಿಯ ಮುದ್ರೆ ಹಿಡಿದು ಊರಿಗೆ ಹೋಗುವುದು ಸಾಧ್ಯವಿಲ್ಲ ಎನ್ನುತ್ತಾನೆ ಝಾವ್ ಗಾವ್.

ಅವನು ಒಮ್ಮೆಗೇ ಒಪ್ಪಲಿಲ್ಲ. ಮತ್ತೆ ಮತ್ತೆ ಬೇಡವೆಂದ. ನಾನು ಗಲ್ಲಿಯವನು, ನನ್ನನ್ನು ಇಷ್ಟೆತ್ತರಕ್ಕೆ ಏರಿಸಿದ್ದು ತೀರಿಹೋದ ಒಡೆಯ, ಆ ಋಣಕ್ಕೆ ಹೇಗೆ ಎರಡು ಬಗೆಯಲಿ ಎಂದ. ಕೊನೆಗೆ ಆಕಾಶ ನೋಡಿ ಕಣ್ಣೀರು ಹಾಕಿ, ಕೆಟ್ಟ ಕಾಲದಲ್ಲಿ ಹುಟ್ಟಿದೆ, ಸಾಯಲಾರದವನು ಈ ಜೀವವನ್ನು ಎಲ್ಲಿಗೆ ಒಯ್ಯಲಿ ಎಂದು ಅತ್ತು, ಹೂಂ ಎಂದ. ಅಳುತ್ತಲೇ ಒಪ್ಪಿದ್ದು ನನಗೆ ಅತಿ ಹೆಚ್ಚು ನಿಜ ಅನ್ನಿಸುತ್ತದೆ. ತಾನು ಮಾಡುತ್ತಿರುವುದು ಏನು ಎಂದು ಗೊತ್ತಿಲ್ಲದೆ ಅವನು ಮಾಡಲಿಲ್ಲ. ಇಲಿಯ ಪಾಠದಲ್ಲಿ ಒಂದು ಕೊರತೆ ಇತ್ತು. ಮನುಷ್ಯನ ಬೆಲೆ ಜಾಗದಿಂದಲೇ ಬರುವುದಾದರೆ ಜಾಗ ಹೋದವನು ಏನೂ ಅಲ್ಲ. ಹಾಗೆ ನಂಬಿದವನನ್ನು ಬಗ್ಗಿಸಲು ಕತ್ತಿ ಬೇಕಿಲ್ಲ, ಜಾಗ ಹೋಗುತ್ತದೆ ಎಂದರೆ ಸಾಕು.

ಅಸಲಿ ಓಲೆ ಮಾಯವಾಯಿತು. ಅದರ ಬದಲು ಫುಸುವಿಗೂ ಮೆಂಗ್ ತಿಯಾನ್‌ಗೂ ಪ್ರಾಣ ಬಿಡಲು ಆಜ್ಞೆ ಹೋಯಿತು. ಇದು ನಿಜವೋ ಸುಳ್ಳೋ, ಇನ್ನೊಮ್ಮೆ ಕೇಳಿಸಿ ನೋಡೋಣ ಎಂದ ಮೆಂಗ್ ತಿಯಾನ್. ತಂದೆ ಮಗನಿಗೆ ಸಾವು ಕೊಟ್ಟರೆ ಇನ್ನೊಮ್ಮೆ ಕೇಳುವುದೇನು ಎಂದು ಫುಸು ಪ್ರಾಣ ಬಿಟ್ಟ. ಬಂಡಿಗಳ ಸಾಲು ರಾಜಧಾನಿಯ ಕಡೆಗೆ, ಅದೂ ಉತ್ತರದ ಗಡಿಯನ್ನು ಬಳಸಿ, ನಡೆಯುತ್ತಲೇ ಇತ್ತು. ಬೇಸಿಗೆಯ ಧಗೆಗೆ ಹೆಣ ನಾರತೊಡಗಿತು. ನಾತ ಗೊತ್ತಾಗದಿರಲೆಂದು ಬಂಡಿಗಳಿಗೆ ತಲಾ ಒಂದು ಶಿ, ಅಂದರೆ ಸುಮಾರು 30 ಕಿಲೋ, ಉಪ್ಪುಮೀನು ಹೇರಿಸಿದರು. ಕಕ್ಕಸಿನ ಇಲಿಗಳನ್ನು ನೋಡಿ ಊರು ಬಿಟ್ಟವನು ದೇಶದ ಪ್ರಧಾನಿಯಾಗಿ ಆ ನಾತದ ಹಿಂದೆ ವಾರಗಟ್ಟಲೆ ಪ್ರಯಾಣ ಮಾಡಿದ.

ಹತ್ತು ಸಲ ಕೇಳಿದರು

ಮುಂದಿನದು ಬೇಗ ನಡೆಯಿತು. ಹುಹಾಯ್ ಎರಡನೆಯ ಚಕ್ರವರ್ತಿಯಾದ. ಕ್ರಿ.ಪೂ. 209ರಲ್ಲಿ ಬಂಡಾಯ ಎದ್ದಿತು. ಮಗ ಲಿ ಯೂ ತನ್ನ ವಿಭಾಗದಲ್ಲಿ ಬಂಡಾಯಗಾರರನ್ನು ತಡೆಯಲಿಲ್ಲವೆಂಬ ದೂರು ಬಂದಾಗ ಲಿ ಸಿ ಹೆದರಿ, ಒಡೆಯನ ಮನಸ್ಸನ್ನು ಗೆಲ್ಲಲು ಇನ್ನೊಂದು ಅರಿಕೆ ಬರೆದ. ಅಧಿಕಾರಿಗಳನ್ನೂ ಜನರನ್ನೂ ಶಿಕ್ಷೆಯ ಭಯದಲ್ಲಿಟ್ಟರೆ ಅರಸ ಸುಖವಾಗಿರಬಹುದು ಎಂಬುದು ಅದರ ತಿರುಳು. ಮೊದಲ ಅರಿಕೆಯಲ್ಲಿ ಬೆಟ್ಟ ಸಮುದ್ರಗಳನ್ನು ಕರೆದ ಅದೇ ಕೈ ಬರೆದದ್ದು ಇದು. ಹಾದಿಯಲ್ಲಿ ನಡೆಯುವವರಲ್ಲಿ ಅರ್ಧ ಜನ ಶಿಕ್ಷೆಗೊಳಗಾದವರು ಎನ್ನುವ ಸ್ಥಿತಿ ಬಂತು ಎಂದು ಸಿಮಾ ಚಿಯಾನ್ ಬರೆಯುತ್ತಾನೆ.

ಝಾವ್ ಗಾವ್ ಚಕ್ರವರ್ತಿಯನ್ನು ಅಂತಃಪುರದಲ್ಲಿಯೇ ಇರಿಸಿ ಬಾಗಿಲನ್ನು ತಾನು ಹಿಡಿದ. ಒಡೆಯರಿಗೆ ಬಿಡುವಾದಾಗ ತಿಳಿಸುತ್ತೇನೆ ಎಂದು ಲಿ ಸಿಗೆ ಹೇಳಿ, ಚಕ್ರವರ್ತಿ ಹೆಂಗಳೆಯರ ಜೊತೆ ಮೈಮರೆತಿರುವ ಹೊತ್ತನ್ನೇ ನೋಡಿ ಕರೆಸಿದ. ಹೀಗೆ ಮೂರು ಸಲ. ಚಕ್ರವರ್ತಿ ರೇಗಿದ. ಮಗ ಬಂಡಾಯಗಾರರ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದಾನೆ ಎಂಬ ಮಾತು ಅದೇ ಗಳಿಗೆಗೆ ಕಿವಿಗೆ ಬಿತ್ತು. ಲಿ ಸಿ, ಸಹ ಪ್ರಧಾನಿ ಫೆಂಗ್ ಚುಜಿ, ಸೇನಾಪತಿ ಫೆಂಗ್ ಜಿಯೇ ಮೂವರೂ ಸೇರಿ ಅರಮನೆ ಕಟ್ಟುವ ಕೆಲಸವನ್ನು ನಿಲ್ಲಿಸಿ, ಜನ ಸೋತಿದ್ದಾರೆ ಎಂದು ಕೇಳಿಕೊಂಡರು. ಮೂವರನ್ನೂ ಹಿಡಿಯಲು ಆಜ್ಞೆಯಾಯಿತು. ಇಬ್ಬರು ಫೆಂಗ್‌ಗಳು ಸೆರೆಯ ಅವಮಾನಕ್ಕಿಂತ ಸಾವು ಲೇಸೆಂದು ಪ್ರಾಣ ಬಿಟ್ಟರು. ಲಿ ಸಿ ಸೆರೆಗೆ ಹೋದ. ತನ್ನ ಮಾತಿನ ಬಲ, ತನ್ನ ಸೇವೆ, ತಾನು ದ್ರೋಹಿಯಲ್ಲ ಎಂಬ ಸತ್ಯ, ಈ ಮೂರನ್ನೂ ಅವನು ನಂಬಿದ್ದ.

ಸಾವಿರಕ್ಕೂ ಮೀರಿ ಏಟು ಬಿದ್ದವು. ನೋವು ತಾಳಲಾರದೆ ಒಪ್ಪಿಕೊಂಡ. ನಂತರ ಸೆರೆಯಲ್ಲಿ ಕೂತು ಅರಿಕೆ ಬರೆದ. ರಾಜ್ಯಗಳನ್ನು ಗೆಲ್ಲಿಸಿದ್ದು, ಅಳತೆ ಲಿಪಿಗಳನ್ನು ಒಂದು ಮಾಡಿದ್ದು, ರಸ್ತೆ ಮಾಡಿಸಿದ್ದು ಎಂದು ತನ್ನ ಏಳು ಸಾಧನೆಗಳನ್ನು ಏಳು ಅಪರಾಧಗಳೆಂದು ಎಣಿಸಿ, ಒಡೆಯರು ವಿವೇಚಿಸಲಿ ಎಂದು ಮುಗಿಸಿದ. ‘ಸೆರೆಯಾಳಿಗೆ ಅರಿಕೆ ಬರೆಯುವ ಹಕ್ಕು ಎಲ್ಲಿಯದು’ ಎಂದು ಝಾವ್ ಗಾವ್ ಅದನ್ನು ಎಸೆಯಿಸಿದ. ಹಾನ್ ಫೇ ಕೂತ ಜಾಗಕ್ಕೆ ಲಿ ಸಿ ಬಂದಿದ್ದ.

ಈಗ ಆ ನಾಲ್ಕು ಸಾಲು. ಝಾವ್ ಗಾವ್ ತನ್ನ ಹತ್ತಕ್ಕೂ ಹೆಚ್ಚು ಮಂದಿ ಕಡೆಯವರಿಗೆ ಅರಮನೆಯ ತನಿಖಾಧಿಕಾರಿಗಳ ವೇಷ ಹಾಕಿಸಿ, ಚಕ್ರವರ್ತಿ ಕಳಿಸಿದ್ದಾರೆ ಎಂದು ಸರದಿಯಂತೆ ಸೆರೆಗೆ ಕಳಿಸಿದ. ಪ್ರತಿ ಸಲವೂ ಲಿ ಸಿ ಆಸೆಯಿಂದ ಎದ್ದು ಕೂತು ನಿಜ ಹೇಳಿದ, ನಾನು ದ್ರೋಹ ಮಾಡಿಲ್ಲ, ಹೊಡೆತಕ್ಕೆ ಒಪ್ಪಿಕೊಂಡೆ ಎಂದ. ಪ್ರತಿ ಸಲವೂ ಅವರು ಹೋದ ಮೇಲೆ ಅವನನ್ನು ಹೊಡೆದರು. ಕೊನೆಗೆ ಚಕ್ರವರ್ತಿಯೇ ನಿಜವಾದ ಅಧಿಕಾರಿಯನ್ನು ಕಳಿಸಿದ. ಇವನೂ ಅವರಂತೆಯೇ ಎಂದುಕೊಂಡ ಲಿ ಸಿ ಈ ಸಲ ನಿಜ ಹೇಳಲಿಲ್ಲ. ಅಪರಾಧ ಒಪ್ಪಿಕೊಂಡ. ವರದಿ ಓದಿದ ಚಕ್ರವರ್ತಿ, ಝಾವ್ ಇಲ್ಲದಿದ್ದರೆ ಈ ಪ್ರಧಾನಿ ನನ್ನನ್ನು ಮಾರಿಬಿಡುತ್ತಿದ್ದ ಎಂದು ಸಂತೋಷಪಟ್ಟ.

ಇಲ್ಲಿ ನಾನು ರಾಯರ ವಿಷಯ ಹೇಳಲೇಬೇಕು. ಒಂದು ವರ್ಷ ದಾಸ್ತಾನು ತಪಾಸಣೆಯಲ್ಲಿ ಲೆಕ್ಕಕ್ಕೂ ಮೂಟೆಗಳಿಗೂ ತಾಳೆಯಾಗಲಿಲ್ಲ. ಮಳೆಗಾಲದಲ್ಲಿ ಛಾವಣಿ ಸೋರಿ ಕೆಟ್ಟ ಅಕ್ಕಿ ಎಷ್ಟು, ಇಲಿ ತಿಂದದ್ದು ಎಷ್ಟು, ಲಾರಿಯಲ್ಲೇ ಕಡಿಮೆ ಬಂದದ್ದು ಎಷ್ಟು ಎಂದು ರಾಯರು ಒಂದೊಂದನ್ನೂ ವಹಿಯ ಬದಿಯಲ್ಲಿ ಬರೆದಿಟ್ಟಿದ್ದರು. ಇಲಾಖಾ ವಿಚಾರಣೆಗೆ ಮೊದಲು ಯಾರು ಯಾರೋ ಅವರನ್ನು ಕಾಣಲು ಬಂದರು. ಮೇಲಿನವರೇ ಕಳಿಸಿದ್ದಾರೆ, ನಮ್ಮ ಹತ್ತಿರ ಉಳ್ಳದ್ದು ಉಳ್ಳ ಹಾಗೆ ಹೇಳಿ, ನಿಮಗೆ ಒಳ್ಳೆಯದಾಗುತ್ತದೆ ಎಂದರು. ರಾಯರು ಉಳ್ಳದ್ದು ಉಳ್ಳ ಹಾಗೆ ಹೇಳಿದರು. ಮಾರನೆಯ ದಿನ ಅಮಾನತಿನ ಆದೇಶ ಬಂತು. ಇನ್ನೊಬ್ಬರು ಬಂದರು, ಅವರಿಗೂ ಹೇಳಿದರು. ಅರ್ಧ ಸಂಬಳವೂ ನಿಂತಿತು. ಮಗಳ ಮದುವೆ ಗೊತ್ತಾಗಿದ್ದ ವರ್ಷ ಅದು. ಕಡೆಗೆ ವಿಚಾರಣೆ ನಡೆದಾಗ ವಿಚಾರಣಾಧಿಕಾರಿಯಾಗಿ ಬಂದವರು ಬೇರೆ ಜಿಲ್ಲೆಯವರು, ನಿಜವಾಗಿ ಕೇಳಬೇಕೆಂದೇ ಬಂದವರು. ಹೇಳಿಕೆಯನ್ನು ಬರೆದುಕೊಳ್ಳಲು ನನ್ನನ್ನು ಕೂರಿಸಿದ್ದರು. ‘ರಾಯರೇ, ನೀವು ಏನು ಹೇಳಿದರೂ ನಾನು ಕೇಳುತ್ತೇನೆ, ಸಮಾಧಾನವಾಗಿ ಹೇಳಿ’ ಎಂದರು ಆ ಅಧಿಕಾರಿ. ರಾಯರು ಕಿಟಕಿಯ ಕಡೆ ನೋಡಿದರು. ಮೇಜಿನ ಮೇಲೆ ಆ ವಹಿ ಇತ್ತು, ಬದಿಯ ಬರಹಗಳೊಂದಿಗೆ, ಅವರ ಕೈಗೆ ನಿಲುಕುವಷ್ಟು ಹತ್ತಿರ. ‘ಬರೆದುಕೋ ಅಪ್ಪಾ. ತಪ್ಪು ನನ್ನದೇ ಅಂತ ಬರೆದುಕೋ’ ಎಂದರು.

ನಾನು ಬರೆದುಕೊಂಡೆ. ವಹಿಯನ್ನು ತೆರೆದು ಅಧಿಕಾರಿಯ ಮುಂದೆ ಇಡಬಹುದಾಗಿತ್ತು. ಇಡಲಿಲ್ಲ. ನನಗೆ ಆಗಿನ್ನೂ ಕೆಲಸ ಕಾಯಂ ಆಗಿರಲಿಲ್ಲ.

ಬಿದಿರಿನ ಪಟ್ಟಿ

1975ರಲ್ಲಿ ಹುಬೇ ಪ್ರಾಂತದ ಯುನ್‌ಮೆಂಗ್‌ನಲ್ಲಿ ಒಂದು ಹಳೆಯ ಸಮಾಧಿ ಸಿಕ್ಕಿತು. ಕ್ರಿ.ಪೂ. 217ರ ಹೊತ್ತಿಗೆ ಸತ್ತ, ಶಿ ಎಂಬ ಹೆಸರಿನ ಚಿನ್ ಕಾಲದ ಗುಮಾಸ್ತನದು. ಅವನ ಶವದ ಸುತ್ತ 1,100ಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳು, ಬಹಳಷ್ಟರ ಮೇಲೆ ಕುಂಚದಿಂದ ಬರೆದ ಕಾನೂನು. ಬದುಕಿನುದ್ದಕ್ಕೂ ಬಳಸಿದ ಕಚೇರಿಯ ಕಾಗದಪತ್ರಗಳನ್ನೇ ಅವನ ಜೊತೆ ಮಣ್ಣು ಮಾಡಿದ್ದರು. ಲಿ ಸಿ ಉನ್ನತ ಪದವಿಯಲ್ಲಿದ್ದ ಕಾಲದ ಕೆಳಗಿನ ಹಂತದ ನೌಕರ ಇವನು. ಆ ಪಟ್ಟಿಗಳಲ್ಲಿ ವಿಚಾರಣೆ ನಡೆಸುವುದು ಹೇಗೆಂಬ ಸೂಚನೆಗಳಿವೆ. ಆರೋಪಿ ಹೇಳುವುದನ್ನು ಮೊದಲು ಪೂರ್ತಿ ಕೇಳಿ ಬರೆದುಕೊಳ್ಳಬೇಕು, ಸುಳ್ಳೆಂದು ಗೊತ್ತಾದರೂ ನಡುವೆ ತಡೆಯಬಾರದು. ಬರೆದುಕೊಂಡ ಮಾತಿನ ಜಾಡು ಹಿಡಿದು, ಹೊಡೆಯದೆ ನಿಜ ಹೊರಡಿಸುವುದು ಉತ್ತಮ. ಹೊಡೆದು ಹೊರಡಿಸುವುದು ಅಧಮ. ಹೆದರಿಸಿದರೆ ಕೆಲಸ ಕೆಟ್ಟಂತೆ.

ಇದನ್ನು ಮೊದಲು ಓದಿದಾಗ ನನಗೆ ನಂಬಲಾಗಲಿಲ್ಲ. ಚಿನ್ ಎಂದರೆ ಮೂಗು ಕೊಯ್ಯುವ, ಮುಖಕ್ಕೆ ಹಚ್ಚೆ ಒತ್ತುವ ಕ್ರೂರ ಸಾಮ್ರಾಜ್ಯ ಎಂದಷ್ಟೇ ತಿಳಿದಿದ್ದೆ. ಆ ಕ್ರೌರ್ಯ ಸುಳ್ಳಲ್ಲ, ಹೇಳಿಕೆಯನ್ನು ಮತ್ತೆ ಮತ್ತೆ ಬದಲಿಸಿದವನನ್ನು ಹೊಡೆಯಲು ಅದೇ ಪಟ್ಟಿಗಳು ಅನುಮತಿ ಕೊಡುತ್ತವೆ. ಆದರೂ ಹೊಡೆತಕ್ಕೆ ಸಿಗುವುದು ಸತ್ಯವಲ್ಲ ಎಂದು ಆ ರಾಜ್ಯದ ಸಣ್ಣ ಗುಮಾಸ್ತನಿಗೂ ತಿಳಿಸಿದ್ದರು. ಲಿ ಸಿ ಸಾಯುವ ಸುಮಾರು ಒಂಬತ್ತು ವರ್ಷ ಮೊದಲೇ ಈ ವಾಕ್ಯ ಒಬ್ಬನ ಸಮಾಧಿ ಸೇರಿತ್ತು. ನ್ಯಾಯಖಾತೆಯ ಮುಖ್ಯಸ್ಥನಾಗಿದ್ದ ಲಿ ಸಿಗೆ ಅದು ಬಾಯಿಪಾಠ ಬಂದಿರಲೇಬೇಕು. ಸೆರೆಯಲ್ಲಿ ಒಂದೊಂದು ಏಟಿಗೂ ಅದು ನೆನಪಾಗಿರಬಹುದೇ ಎಂದು ಯೋಚಿಸುತ್ತೇನೆ.

ಇನ್ನು ಇದನ್ನು ಬರೆದ ಸಿಮಾ ಚಿಯಾನ್. ಸೋತ ಸೇನಾಪತಿಯೊಬ್ಬನ ಪರವಾಗಿ ಒಂದು ಮಾತು ಆಡಿದ್ದಕ್ಕೆ ಅವನನ್ನು ಸೆರೆಗೆ ಹಾಕಿ ಪುರುಷತ್ವ ಕತ್ತರಿಸಿದ್ದರು. ಗೆಳೆಯನಿಗೆ ಬರೆದ ಪತ್ರದಲ್ಲಿ ಅವನು ಹೇಳುತ್ತಾನೆ, ಕೈಕಾಲು ಕಟ್ಟಿ ಹೊಡೆದು ಗೋಡೆಗಳ ನಡುವೆ ಕೂಡಿಹಾಕಿದ ಮೇಲೆ ಜೈಲರನನ್ನು ಕಂಡರೆ ಮನುಷ್ಯ ನೆಲಕ್ಕೆ ತಲೆ ಬಡಿಯುತ್ತಾನೆ, ಅಲ್ಲಿನ ಆಳುಗಳನ್ನು ಕಂಡರೂ ಎದೆ ನಡುಗುತ್ತದೆ ಎಂದು. ಅದೇ ಪತ್ರದಲ್ಲಿ ಸೆರೆ ಕಂಡ ದೊಡ್ಡವರ ಹೆಸರುಗಳ ನಡುವೆ ಲಿ ಸಿಯ ಹೆಸರನ್ನೂ ಬರೆಯುತ್ತಾನೆ. ಶಾಚಿಯುವಿನ ತಪ್ಪಿಗೆ ಅವನು ಲಿ ಸಿಯನ್ನು ಕ್ಷಮಿಸಲಿಲ್ಲ. ನಿಷ್ಠೆಗಾಗಿ ಸತ್ತ ಎಂದು ಜನ ಹೇಳುತ್ತಾರೆ, ಬೇರು ಹುಡುಕಿದರೆ ಹಾಗಲ್ಲ ಎಂದು ಅಧ್ಯಾಯದ ಕೊನೆಯಲ್ಲಿ ಕಟ್ಟುನಿಟ್ಟಾಗಿ ಬರೆದ. ಆದರೆ ಆ ಹತ್ತು ಸುಳ್ಳು ತನಿಖೆಗಳನ್ನು ಬಿಡದೆ ಬರೆದ. ಬರೆದಿರದಿದ್ದರೆ ಉಳಿಯುತ್ತಿದ್ದದ್ದು ತಪ್ಪೊಪ್ಪಿಗೆ ಮಾತ್ರ.

ಮಗ ಲಿ ಯೂ ಬಂಡಾಯಗಾರರ ಜೊತೆ ಸೇರಿದ್ದಾನೆಯೇ ಎಂದು ನೋಡಲು ಕಳಿಸಿದ ಅಧಿಕಾರಿ ಸಾನ್‌ಚುವಾನ್ ತಲುಪುವಷ್ಟರಲ್ಲಿ ಅವನು ಅದೇ ಬಂಡಾಯಗಾರರ ಕೈಯಲ್ಲಿ ಸತ್ತಿದ್ದ. ಅದು ಯಾವ ಲೆಕ್ಕಕ್ಕೂ ಬರಲಿಲ್ಲ. ಕ್ರಿ.ಪೂ. 208ರ ಏಳನೆಯ ತಿಂಗಳು ಲಿ ಸಿಯನ್ನು ಸೆರೆಯಿಂದ ಹೊರಗೆ ತಂದಾಗ ಜೊತೆಗಿದ್ದವನು ನಡುವಿನ ಮಗ. ಅವನ ಕಡೆ ತಿರುಗಿ, ‘ನಿನ್ನ ಜೊತೆ ಇನ್ನೊಮ್ಮೆ ಹಳದಿ ನಾಯಿಯನ್ನು ಹಿಡಿದುಕೊಂಡು, ಶಾಂಗ್‌ಛಾಯ್‌ನ ಮೂಡಲ ಬಾಗಿಲು ದಾಟಿ ಮೊಲ ಅಟ್ಟಲು ಹೋಗಬೇಕೆಂದರೆ ಇನ್ನೆಲ್ಲಿ ಆದೀತು’ ಎಂದ. ತಂದೆ ಮಗ ಇಬ್ಬರೂ 

ಅತ್ತರು. ಅವರ ಮೂರೂ ಕಡೆಯ ಬಂಧುಬಳಗವನ್ನು ಕೊಂದರು.

ಕೆಲವು ವರ್ಷಗಳ ಹಿಂದೆ ಶಿಯಾನ್ ನಗರಕ್ಕೆ ಹೋಗಿದ್ದೆ. ಜೊತೆಯವರು ಮೊದಲ ಚಕ್ರವರ್ತಿಯ ಸಮಾಧಿಯ ಮಣ್ಣಿನ ಸೈನಿಕರನ್ನು ನೋಡಿ ದಣಿದು ಹೋಟೆಲಿಗೆ ಮರಳಿದರು, ನಾನು ಶಿಲಾಶಾಸನಗಳ ವಸ್ತುಸಂಗ್ರಹಾಲಯಕ್ಕೆ ಹೋದೆ. ಒಬ್ಬಳು ಹೆಂಗಸು ಕಪ್ಪು ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಅಕ್ಷರಗಳ ಕುಳಿಗಳಿಗೆ ಇಳಿಯುವಂತೆ ತಟ್ಟಿ, ಮಸಿಯ ಬಟ್ಟೆಗಂಟನ್ನು ಮೆಲ್ಲಗೆ ಒತ್ತುತ್ತಿದ್ದಳು. ತಟ್ಟಿದ ಹಾಗೆ ಕಪ್ಪಿನ ನಡುವೆ ಬಿಳಿ ಅಕ್ಷರಗಳು ಮೂಡುತ್ತಿದ್ದವು. ಅದೇ ಸಂಗ್ರಹಾಲಯದಲ್ಲಿ ಯೀಶಾನ್ ಬೆಟ್ಟದ ಶಾಸನದ ಪ್ರತಿ ಇದೆ. ಮೊದಲ ಚಕ್ರವರ್ತಿ ಕ್ರಿ.ಪೂ. 219ರಲ್ಲಿ ನಿಲ್ಲಿಸಿದ ಮೂಲ ಕಲ್ಲು ಹಾಳಾಗಿದೆ, ಇದು ಕ್ರಿ.ಶ. 993ರಲ್ಲಿ ಮತ್ತೆ ಕೆತ್ತಿಸಿದ್ದು. ಅಕ್ಷರಗಳು ಲಿ ಸಿಯ ಕೈಬರಹ ಎಂಬ ಪ್ರತೀತಿ. ಒಂದೇ ದಪ್ಪದ ಗೆರೆಗಳು, ನಿಡಿದಾದ ಬಾಗುಗಳು, ಎಲ್ಲಿಯೂ ಕೈ ನಡುಗಿಲ್ಲ. ಕೊನೆಯಲ್ಲಿ ಎರಡನೆಯ ಚಕ್ರವರ್ತಿ ಸೇರಿಸಿದ ಭಾಗ ಬರುತ್ತದೆ. ‘ಪ್ರಧಾನಿ, ಸೇವಕ ಸಿ, ಸೇವಕ ಚುಜಿ… ಸಾವಿಗಂಜದೆ ಅರಿಕೆ ಮಾಡುತ್ತೇವೆ’ ಎಂದು ಅದರಲ್ಲಿದೆ. ಆಸ್ಥಾನದ ಅರಿಕೆಗಳೆಲ್ಲ ಹಾಗೆಯೇ ಶುರುವಾಗುತ್ತಿದ್ದವು, ಅದು ನಮ್ಮ ‘ತಮ್ಮ ವಿಧೇಯ’ ಎಂಬಂಥ ರೂಢಿಯ ಮಾತು. ಬರೆದದ್ದು ಕ್ರಿ.ಪೂ. 209ರಲ್ಲಿ. ಮರುವರ್ಷ ಇಬ್ಬರೂ ಇರಲಿಲ್ಲ.

ಅಂಗಡಿಯಲ್ಲಿ ಆ ಶಾಸನದ ಅಚ್ಚು ಕೊಂಡು ತಂದೆ. ಕೊಳವೆಯಿಂದ ಇನ್ನೂ ಹೊರಗೆ ತೆಗೆದಿಲ್ಲ.

ಕ್ರಿ.ಪೂ. 206ರಲ್ಲಿ ಬಂಡಾಯದ ಸೈನ್ಯ ರಾಜಧಾನಿ ಶಿಯೆನ್‌ಯಾಂಗ್‌ಗೆ ನುಗ್ಗಿದಾಗ ಉಳಿದವರೆಲ್ಲ ಚಿನ್ನ ರೇಷ್ಮೆಗಳ ಕಡೆ ಓಡಿದರು. ಶಿಯಾವ್ ಹೇ ಎಂಬವನು ಮಾತ್ರ ನೇರವಾಗಿ ಪ್ರಧಾನಿಯ ಕಚೇರಿಗೆ ಹೋಗಿ ಕಾನೂನು, ನಕಾಶೆ, ಜನರ ಲೆಕ್ಕದ ದಾಖಲೆಗಳನ್ನು ಹೊತ್ತು ತಂದ. ಅವನೂ ಮೊದಲು ಸಣ್ಣ ಊರಿನ ಕಚೇರಿಯ ಗುಮಾಸ್ತ. ಮುಂದೆ ಹಾನ್ ಸಾಮ್ರಾಜ್ಯವನ್ನು (ಹಿಂದೆ ಹೇಳಿದ ಹಾನ್ ರಾಜ್ಯ ಬೇರೆ) ಕಟ್ಟಿದ್ದು ಆ ದಾಖಲೆಗಳ ಮೇಲೆಯೇ. ಅರಮನೆಗಳಿಗೆ ಆಮೇಲೆ ಬೆಂಕಿ ಬಿದ್ದು ಮೂರು ತಿಂಗಳು ಉರಿಯಿತು. ಶಿಯಾವ್ ಹೇ ಹೊತ್ತು ತಂದ ಕಟ್ಟುಗಳಲ್ಲಿ ಲಿ ಸಿಯ ತಪ್ಪೊಪ್ಪಿಗೆ ಇತ್ತೋ, ಬೆಂಕಿಗೆ ಹೋಯಿತೋ. ರಾಯರದು ಮಾತ್ರ ಸುಟ್ಟಿಲ್ಲ. ರಾಯರು ತೀರಿಕೊಂಡು ಬಹಳ ವರ್ಷವಾಯಿತು. ‘ಮೇಲ್ಕಂಡ ಆರೋಪಗಳನ್ನು ಪೂರ್ಣವಾಗಿ ಒಪ್ಪಿಕೊಂಡಿರುತ್ತಾರೆ’ ಎಂಬ ಆ ಸಾಲು ಯಾವುದೋ ದಾಖಲೆ ಕೋಣೆಯ ಕಪಾಟಿನಲ್ಲಿ, ಕೆಂಪು ಪಟ್ಟಿ ಕಟ್ಟಿದ ಕಡತದಲ್ಲಿ, ನನ್ನ ಕೈಬರಹದಲ್ಲಿ ಇದೆ.